ಸದ್ದು ನಿಲ್ಲಿಸಲು ಹೋಗಿ ವಾಲ್ವ್ ಸುಟ್ಟುಕೊಂಡೆ

ಕಾರು ನಿಂತಲ್ಲೇ ನಡುಗಲು ಶುರುವಾಗಿ ತಿಂಗಳಾಗಿತ್ತು. ಐಡಲ್‌ನಲ್ಲಿ ಬಿಟ್ಟರೆ ಸ್ಟೀರಿಂಗ್ ಅದುರುತ್ತಿತ್ತು. ಹಿಂದೆ ಹೋಗಿ ಸೈಲೆನ್ಸರ್ ಬಾಯಿಗೆ ಕಿವಿ ಕೊಟ್ಟರೆ ಒಂದೇ ಲಯದಲ್ಲಿ ಪಫ್, ಪಫ್, ಪಫ್. ಆದರೆ ಮೂರು ಸಾವಿರ ಆರ್‌ಪಿಎಂ ದಾಟಿಸಿದರೆ ಏನೂ ಆಗಿಲ್ಲವೇನೋ ಎಂಬಂತೆ ಓಡುತ್ತಿತ್ತು. ಹಾಗಾಗಿ ನಾನೂ ಸುಮ್ನೆ ಓಡಿಸುತ್ತಲೇ ಇದ್ದೆ. ಅದು ಮೊದಲ ತಪ್ಪಲ್ಲ, ಎರಡನೆಯದು. ಮೊದಲನೆಯದು ಎರಡು ವರ್ಷ ಹಿಂದಿನದು, ಅದು ಆಮೇಲೆ ಬರುತ್ತದೆ.

ಗಾಡಿ ಹಳೆಯದು. ನಾಲ್ಕು ಸಿಲಿಂಡರ್, ಎಂಟು ವಾಲ್ವ್ (ಪ್ರತಿ ಸಿಲಿಂಡರ್‌ಗೆ ಗಾಳಿ ಒಳಬಿಡುವ ಇಂಟೇಕ್ ಒಂದು, ಹೊಗೆ ಹೊರಬಿಡುವ ಎಕ್ಸಾಸ್ಟ್ ಒಂದು), ಅವನ್ನು ತೆರೆಸಲು ಮೇಲೆ ಒಂದೇ ಕ್ಯಾಮ್. ವಾಲ್ವ್ ಒತ್ತುವ ಸನ್ನೆಯಾದ ರಾಕರ್ ತುದಿಯ ಸ್ಕ್ರೂ ತಿರುಗಿಸಿ ಟ್ಯಾಪೆಟ್, ಅಂದರೆ ರಾಕರ್ ಮತ್ತು ವಾಲ್ವ್ ನಡುವಿನ ಗ್ಯಾಪ್, ಸೆಟ್ ಮಾಡುವ ಪೆಟ್ರೋಲ್ ಎಂಜಿನ್. ಮೂರು ವರ್ಷದಿಂದ ಎಲ್‌ಪಿಜಿ ಕಿಟ್ ಮೇಲೆ ಓಡುತ್ತಿದೆ. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ.

ಸ್ಕ್ಯಾನರ್ ಹಾಕಿದಾಗ ಬಂದ ಕೋಡ್ ಪಿ0303. ಅಂದರೆ ಮೂರನೇ ಸಿಲಿಂಡರ್ ಮಿಸ್ಸಿಂಗ್, ಸರಿಯಾಗಿ ಉರಿಯುತ್ತಿಲ್ಲ. ಎಲ್ಲರೂ ಮಾಡುವಂತೆ ನಾನೂ ಸುಲಭದ್ದರಿಂದ ಶುರು ಮಾಡಿದೆ. ಪ್ಲಗ್ ಹೊಸದು ಹಾಕಿದೆ. ಮೂರನೆಯದರ ಕಾಯಿಲ್ (ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವುದು) ತೆಗೆದು ಒಂದಕ್ಕೆ ಹಾಕಿ, ಒಂದರದ್ದನ್ನು ಮೂರಕ್ಕೆ ಹಾಕಿದೆ. ಕೋಡ್ ಮೂರರಲ್ಲೇ ಉಳಿಯಿತು. ಇಂಧನ ಸಿಂಪಡಿಸುವ ಇಂಜೆಕ್ಟರ್ ಕೂಡ ಹಾಗೇ ಅದಲು ಬದಲು ಮಾಡಿದೆ. ಆಗಲೂ ಮೂರೇ. ಎಂಜಿನ್ ಓಡುವಾಗ ಒಂದೊಂದೇ ಇಂಜೆಕ್ಟರ್‌ನ ಕನೆಕ್ಟರ್ ಎಳೆದು ನೋಡಿದೆ. ಒಂದು, ಎರಡು, ನಾಲ್ಕರದ್ದು ಎಳೆದಾಗ ಎಂಜಿನ್ ಕುಸಿಯುತ್ತಿತ್ತು. ಮೂರರದ್ದು ಎಳೆದರೆ ಏನೂ ವ್ಯತ್ಯಾಸ ಇಲ್ಲ. ಆ ಸಿಲಿಂಡರ್ ಕೆಲಸವನ್ನೇ ಮಾಡುತ್ತಿಲ್ಲ.

ಹಳೇ ಮೆಕ್ಯಾನಿಕ್‌ಗಳು ಮಾಡುವ ಕಾಗದದ ಪರೀಕ್ಷೆಯನ್ನೂ ಮಾಡಿದೆ. ಐಡಲ್‌ನಲ್ಲಿ ಸೈಲೆನ್ಸರ್ ಬಾಯಿಗೆ ಒಂದು ಹಾಳೆ ಹಿಡಿಯಬೇಕು. ಎಂಜಿನ್ ಸರಿ ಇದ್ದರೆ ಹಾಳೆಯನ್ನು ಹೊರಗೆ ತಳ್ಳುತ್ತಲೇ ಇರುತ್ತದೆ. ನನ್ನದರಲ್ಲಿ ಮಧ್ಯೆ ಮಧ್ಯೆ ಹಾಳೆ ಫಟ್ಟನೆ ಒಳಗೆ ಎಳೆದುಕೊಳ್ಳುತ್ತಿತ್ತು. ಪಿಸ್ಟನ್ ಗಾಳಿ ಎಳೆಯಲು ಕೆಳಗೆ ಇಳಿಯುವಾಗ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚಿರಬೇಕು. ಮುಚ್ಚದಿದ್ದರೆ ಸೈಲೆನ್ಸರ್ ಕಡೆಯಿಂದಲೂ ಎಳೆಯುತ್ತದೆ. ಆಗಲೇ ಹೊಟ್ಟೆಯಲ್ಲಿ ಒಂಥರಾ ಆಯಿತು.

ಮುಂದೆ ಕಂಪ್ರೆಷನ್, ಅಂದರೆ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂದು ನೋಡಿದೆ. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಇಂಧನ ಮತ್ತು ಇಗ್ನಿಷನ್ ಎರಡನ್ನೂ ಕಡಿದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸಬೇಕು. ಆಕ್ಸಿಲರೇಟರ್ ಒತ್ತದೆ ಮಾಡಿದರೆ ಎಲ್ಲ ಸಿಲಿಂಡರ್‌ಗೂ ಕಡಿಮೆ ಬರುತ್ತದೆ, ಆಮೇಲೆ ಇಲ್ಲದ ಕಾಯಿಲೆಗೆ ಮದ್ದು ಹುಡುಕುತ್ತೀರಿ. ನನಗೆ ಬಂದದ್ದು: ಒಂದು 172 ಪಿಎಸ್‌ಐ, ಎರಡು 168, ಮೂರು 65, ನಾಲ್ಕು 170.

ಮೂರನೆಯದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದೆ. ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದ್ದರೆ ಆಯಿಲ್ ಸಂದಿ ತುಂಬಿ ಕಂಪ್ರೆಷನ್ ಚೆನ್ನಾಗಿ ಏರುತ್ತದೆ. 65 ಇದ್ದದ್ದು 70 ಆಯಿತು, ಅಷ್ಟೇ. ರಿಂಗ್ ಅಲ್ಲ.

ಟ್ಯಾಪೆಟ್ ಕವರ್ ಬಿಚ್ಚಿದೆ. ಎಂಜಿನ್ ರಾತ್ರಿಯಿಡೀ ತಣ್ಣಗಾದ ಮೇಲೆ ಸಂದಿ ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ಹಿಡಿದು ಕೂತೆ. ಈ ಎಂಜಿನ್‌ಗೆ ತಣ್ಣಗಿದ್ದಾಗ ಇಂಟೇಕ್ 0.15 ಮಿ.ಮೀ., ಎಕ್ಸಾಸ್ಟ್ 0.25 ಮಿ.ಮೀ. ಗ್ಯಾಪ್ ಇರಬೇಕು. ಎಕ್ಸಾಸ್ಟ್‌ಗೆ ಜಾಸ್ತಿ ಯಾಕೆಂದರೆ ಅದು ಜಾಸ್ತಿ ಬಿಸಿಯಾಗುತ್ತದೆ, ಜಾಸ್ತಿ ಉದ್ದವಾಗುತ್ತದೆ. ಎಕ್ಸಾಸ್ಟ್ ವಾಲ್ವ್‌ಗಳಲ್ಲಿ ಸಿಕ್ಕಿದ್ದು 0.10, 0.08, ಮೂರನೆಯದು ಸೊನ್ನೆ, ನಾಲ್ಕನೆಯದು 0.12. ಮೂರನೆಯದಕ್ಕೆ ನನ್ನಲ್ಲಿದ್ದ ಅತಿ ತೆಳು ಎಲೆ, 0.05, ಅದೂ ಹೋಗಲಿಲ್ಲ. ರಾಕರ್ ವಾಲ್ವ್ ಕಡ್ಡಿಯ ತುದಿ ಮೇಲೆ ಕೂತುಬಿಟ್ಟಿತ್ತು.

ಇಲ್ಲಿ ಒಪ್ಪಿಕೊಳ್ಳಬೇಕು. ಎರಡು ವರ್ಷ ಹಿಂದೆ ಈ ಟ್ಯಾಪೆಟ್‌ಗಳನ್ನು ಸೆಟ್ ಮಾಡಿದವನು ನಾನೇ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಸದ್ದು. ಪಕ್ಕದ ಸೀಟಿನಲ್ಲಿ ಕೂತ ತಮ್ಮ, 'ಅಣ್ಣಾ, ಇದೇನು ಹೊಲಿಗೆ ಮಿಷನ್ನಾ?' ಎಂದು ನಗುತ್ತಿದ್ದ. ಸದ್ದು ಹೋಗಲಿ ಎಂದು ಎಕ್ಸಾಸ್ಟ್ ಗ್ಯಾಪನ್ನು 0.25 ಬದಲು 0.15ಕ್ಕೆ ಬಿಗಿ ಮಾಡಿದೆ. ಮೂರನೆಯದಕ್ಕೆ ಇನ್ನೊಂದು ಚೂರು ಬಿಗಿ ಮಾಡಿದ್ದಿರಬೇಕು. ಎಂಜಿನ್ ರೇಷ್ಮೆಯಂತಾಯಿತು. ನನಗೆ ಹೆಮ್ಮೆಯೋ ಹೆಮ್ಮೆ.

ಸವೆದರೆ ಗ್ಯಾಪ್ ಜಾಸ್ತಿಯಾಗಬೇಕು, ಅಲ್ವಾ? ನಾನೂ ಹಾಗೇ ತಿಳಿದಿದ್ದೆ. ರಾಕರ್, ಕ್ಯಾಮ್ ಸವೆದರೆ ಅದು ನಿಜ. ಆದರೆ ವಾಲ್ವ್ ಕೂರುವ ಸೀಟ್ ಸವೆದರೆ ಉಲ್ಟಾ. ಸೀಟ್ ಸವೆದಷ್ಟೂ ವಾಲ್ವ್, ಎಂಜಿನ್‌ನ ಮೇಲ್ಭಾಗವಾದ ಹೆಡ್‌ನ ಒಳಕ್ಕೆ ಹೋಗುತ್ತದೆ. ಅದರ ಕಡ್ಡಿಯ ತುದಿ ಇನ್ನೊಂದು ಕಡೆ ಅಷ್ಟೇ ಮೇಲೆ ಬಂದು ರಾಕರ್‌ಗೆ ಹತ್ತಿರವಾಗುತ್ತದೆ. ಗ್ಯಾಪ್ ಕಡಿಮೆಯಾಗುತ್ತದೆ, ಸದ್ದೂ ಕಡಿಮೆಯಾಗುತ್ತದೆ. ಅಂದರೆ ಕೆಡುತ್ತಾ ಹೋದಷ್ಟೂ ಎಂಜಿನ್ ಮೃದುವಾಗಿ ಕೇಳಿಸುತ್ತದೆ. ಕಿವಿಯನ್ನು ನಂಬಿದವನಿಗೆ ಇದಕ್ಕಿಂತ ದೊಡ್ಡ ಮೋಸ ಇಲ್ಲ.

ಎಲ್‌ಪಿಜಿ ಬಂದದ್ದು ಇಲ್ಲಿ. ಗ್ಯಾಸ್ ಒಣಗಿ ಉರಿಯುತ್ತದೆ, ಸೀಟ್ ಮತ್ತು ವಾಲ್ವ್ ಮಧ್ಯೆ ಮೆತ್ತೆಯಂತೆ ಏನನ್ನೂ ಬಿಡುವುದಿಲ್ಲ. ಹಳೇ ಕಾಲದ ಪೆಟ್ರೋಲಿನಲ್ಲಿದ್ದ ಸೀಸ ಆ ಕೆಲಸವನ್ನೂ ಮಾಡುತ್ತಿತ್ತು. ಸೀಸ ವಿಷ, ಹೋದದ್ದು ಒಳ್ಳೆಯದೇ. ಕಾರಿನ ಪೆಟ್ರೋಲಿಗೆ ಸೀಸ ಬೆರೆಸುವುದನ್ನು ಕೊನೆಯದಾಗಿ ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ. ಅದರ ಬದಲಿಗೆ ಈಗ ಗಟ್ಟಿ ಸೀಟ್ ಹಾಕುತ್ತಾರೆ. ಆದರೂ ಗ್ಯಾಸ್ ಮೇಲೆ ಓಡುವ ಗಾಡಿಯಲ್ಲಿ ಸೀಟ್ ಬೇಗ ಸವೆಯುವುದು ಸಾಮಾನ್ಯ. ಟ್ಯಾಪೆಟ್ ಗ್ಯಾಪ್ ಪದೇ ಪದೇ ನೋಡಬೇಕು. ನಾನು ಎರಡು ವರ್ಷ ಕವರ್ ಮುಟ್ಟಲಿಲ್ಲ.

ಗ್ಯಾಪ್ ಸೊನ್ನೆಯಾದರೆ ಸುಡುವುದೇಕೆ? ಎಕ್ಸಾಸ್ಟ್ ವಾಲ್ವ್‌ನ ತಲೆ 700-800 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕೆಲಸ ಮಾಡುತ್ತದೆ. ಅದರ ಬಿಸಿಯಲ್ಲಿ ಸುಮಾರು ಮುಕ್ಕಾಲು ಪಾಲು ಹೊರಗೆ ಹೋಗುವುದು ಸೀಟ್ ಮೂಲಕ. ವಾಲ್ವ್ ಮುಚ್ಚಿ ಕೂತಾಗ ಹೆಡ್‌ಗೆ ಬಿಸಿ ದಾಟಿಸಿ, ಅಲ್ಲಿಂದ ಕೂಲೆಂಟ್‌ಗೆ. ಉಳಿದದ್ದು ಕಡ್ಡಿ, ಅದು ಜಾರುವ ಕೊಳವೆಯಾದ ಗೈಡ್ ಮೂಲಕ. ಗ್ಯಾಪ್ ಇಲ್ಲದಿದ್ದರೆ ಕಡ್ಡಿ ಬಿಸಿಯಾಗಿ ಉದ್ದವಾದಾಗ ರಾಕರ್ ಅದನ್ನು ಕೂರಲು ಬಿಡುವುದಿಲ್ಲ. ಕೂದಲೆಳೆ ಸಂದಿ ಉಳಿಯುತ್ತದೆ. ಬಿಸಿ ಇಳಿಯುವ ದಾರಿ ಬಂದ್. ಮೇಲಾಗಿ ಉರಿಯುವ ಗ್ಯಾಸ್ ಆ ಸಂದಿಯಿಂದ ಗ್ಯಾಸ್ ಕಟರ್‌ನಂತೆ ನುಗ್ಗುತ್ತದೆ. ಇಂಟೇಕ್ ವಾಲ್ವ್ ಹೀಗೆ ಸುಡುವುದು ಅಪರೂಪ. ಪ್ರತಿ ಸುತ್ತಿಗೂ ತಣ್ಣನೆಯ ಗಾಳಿ ಅದನ್ನು ತೊಳೆಯುತ್ತಿರುತ್ತದೆ.

ಗ್ಯಾಪನ್ನು 0.25ಕ್ಕೆ ಸಡಿಲಿಸಿ ಮತ್ತೆ ಕಂಪ್ರೆಷನ್ ನೋಡಿದೆ. ವಾಲ್ವ್ ಸುಡದೆ, ಬರೀ ಮುಚ್ಚದೆ ನಿಂತಿದ್ದರೆ ಪೂರ್ತಿ ವಾಪಸ್ ಬರಬೇಕಿತ್ತು. ಬಂದದ್ದು 78. ತಡವಾಗಿತ್ತು. ಆದರೆ ಹೆಡ್ ಬಿಚ್ಚುವ ಮುಂಚೆ ಈ ಒಂದು ಪರೀಕ್ಷೆ ಮಾಡಿ ನೋಡಿ, ಕೆಲವರ ಅದೃಷ್ಟ ಅಲ್ಲೇ ತಿರುಗುತ್ತದೆ.

ಕೊನೆಯದಾಗಿ ಲೀಕ್ ಡೌನ್, ಅಂದರೆ ಗಾಳಿ ತುಂಬಿ ಸೋರಿಕೆ ಹುಡುಕುವುದು. ಮೂರನೇ ಪಿಸ್ಟನ್ ಕಂಪ್ರೆಷನ್‌ನ ಮೇಲ್ತುದಿಗೆ ತಂದು, ಗೇರ್ ಹಾಕಿ ಹ್ಯಾಂಡ್ ಬ್ರೇಕ್ ಎಳೆದು, ಪ್ಲಗ್ ತೂತಿನಿಂದ 100 ಪಿಎಸ್‌ಐ ಗಾಳಿ ಬಿಟ್ಟೆ. ಗಾಳಿ ಬಿಡುವಾಗ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ತಿರುಗಬಹುದು, ಬೋಲ್ಟ್ ಮೇಲೆ ಸ್ಪಾನರ್ ಬಿಟ್ಟಿರಬೇಡಿ. ಒಳಗೆ ನಿಂತದ್ದು 28. ಅಂದರೆ ನೂರಕ್ಕೆ 72 ಪಾಲು ಸೋರಿಕೆ. ಎಲ್ಲಿಂದ ಸೋರುತ್ತಿದೆ ಎಂದು ಕಿವಿಯಿಂದಲೇ ಗೊತ್ತಾಗುತ್ತದೆ. ಆಯಿಲ್ ಹಾಕುವ ಬಾಯಲ್ಲಿ ಸುಸ್ ಎಂದರೆ ರಿಂಗ್, ಥ್ರಾಟಲ್ ಕಡೆ ಎಂದರೆ ಇಂಟೇಕ್, ರೇಡಿಯೇಟರ್‌ನಲ್ಲಿ ಗುಳ್ಳೆ ಎಂದರೆ ಗ್ಯಾಸ್ಕೆಟ್ ಅಥವಾ ಬಿರುಕು. ನನಗೆ ಸೈಲೆನ್ಸರ್‌ನಲ್ಲಿ ಕೇಳಿಸಿತು, ಹತ್ತು ಅಡಿ ದೂರಕ್ಕೂ.

ಇನ್ನು ಹೆಡ್ ಬಿಚ್ಚಲೇಬೇಕು.

ಹಿಂದಿನ ರಾತ್ರಿಯೇ ಎಕ್ಸಾಸ್ಟ್ ಮ್ಯಾನಿಫೋಲ್ಡ್ ನಟ್‌ಗಳಿಗೆ ತುಕ್ಕು ಬಿಡಿಸುವ ಆಯಿಲ್ ಹೊಡೆದಿದ್ದೆ. ಆದರೂ ಒಂದು ಸ್ಟಡ್ ಕಟ್ ಆಯಿತು. ಎಂಟರಲ್ಲಿ ಒಂದು, ಅದಕ್ಕೆ ಸಮಾಧಾನ ಪಟ್ಟುಕೊಂಡೆ. ಉಳಿದ ಕೆಲಸ ಬೇಜಾರಿನದ್ದೇ. ಬ್ಯಾಟರಿ ತಂತಿ, ಕೂಲೆಂಟ್, ಪೈಪು, ವೈರು. ಬಿಚ್ಚುವ ಮುಂಚೆ ಪ್ರತಿಯೊಂದರ ಫೋಟೋ ತೆಗೆದೆ. ಟೈಮಿಂಗ್ ಬೆಲ್ಟ್ ತೆಗೆಯುವ ಮೊದಲು ಕ್ರ್ಯಾಂಕ್ ಮತ್ತು ಕ್ಯಾಮ್ ಗುರುತುಗಳನ್ನು ಕೂಡಿಸಿ, ಬಿಳಿ ಬಣ್ಣದಲ್ಲಿ ಇನ್ನೊಮ್ಮೆ ಗುರುತು ಹಾಕಿದೆ. ಹೆಡ್ ಬೋಲ್ಟ್‌ಗಳನ್ನು ಹೊರಗಿನಿಂದ ಮಧ್ಯಕ್ಕೆ, ಒಂದೊಂದು ಸುತ್ತಿಗೆ ಸ್ವಲ್ಪ ಸ್ವಲ್ಪ ಸಡಿಲಿಸಿದೆ. ಹೆಡ್ ಅಂಟಿಕೊಂಡಿತ್ತು. ಆಗ ಸಂದಿಗೆ ಸ್ಕ್ರೂಡ್ರೈವರ್ ತೂರಿಸುವ ಆಸೆ ಬರುತ್ತದೆ. ಅಲ್ಯುಮಿನಿಯಂ ಮೇಲೆ ಒಂದು ಗೀರು ಬಿದ್ದರೂ ಗ್ಯಾಸ್ಕೆಟ್ ಹಿಡಿಯುವುದಿಲ್ಲ. ಹೆಡ್‌ನ ಮೂಲೆಯಲ್ಲಿ ಹೊರಚಾಚಿದ ಕಿವಿಯ ಕೆಳಗೆ ಮರದ ತುಂಡಿಟ್ಟು ಎತ್ತಿದೆ.

ಹೆಡ್ ತಿರುವಿ ಹಾಕಿದೆ. ಮೂರನೇ ಎಕ್ಸಾಸ್ಟ್ ವಾಲ್ವ್‌ನ ಅಂಚನ್ನು ಇಲಿ ಕಡಿದಂತಿತ್ತು. ಸುಮಾರು ನಾಲ್ಕು ಮಿ.ಮೀ. ಅಗಲದ ಒಂದು ಕಚ್ಚು, ಅದರ ಸುತ್ತ ಬಿಳಿಚಿದ ಬೂದಿ ಬಣ್ಣ. ಸೀಟ್‌ನ ಅದೇ ಜಾಗದಲ್ಲಿ ಗ್ಯಾಸ್ ಕೊರೆದ ಸಣ್ಣ ಕಾಲುವೆ. ಪಕ್ಕದ ಇಂಟೇಕ್ ವಾಲ್ವ್ ಮಾತ್ರ ಏನೂ ಗೊತ್ತಿಲ್ಲದವನಂತೆ ಕೂತಿತ್ತು.

ಒಂದು ರಟ್ಟಿನಲ್ಲಿ ಎಂಟು ತೂತು ಮಾಡಿ, ನಂಬರ್ ಬರೆದು, ಒಂದೊಂದೇ ವಾಲ್ವ್ ಬಿಚ್ಚಿ ಸಿಕ್ಕಿಸಿದೆ. ಹಳೇ ವಾಲ್ವ್ ವಾಪಸ್ ಹಾಕುವುದಾದರೆ ಅದರ ಜಾಗಕ್ಕೇ ಹೋಗಬೇಕು. ಸ್ಪ್ರಿಂಗ್ ಒತ್ತಿ ವಾಲ್ವ್ ಲಾಕ್ ತೆಗೆಯುವಾಗ ಒಂದು ಲಾಕ್ ಚಂಗನೆ ಹಾರಿತು. ಒಂದು ಗಂಟೆ ನೆಲವೆಲ್ಲ ತಡಕಾಡಿದೆ. ಸಿಕ್ಕಿದ್ದು ನನ್ನ ಅಂಗಿ ಜೇಬಿನಲ್ಲಿ.

ಇಲ್ಲೊಂದು ಎಚ್ಚರಿಕೆ. ಕೆಲವು ಎಂಜಿನ್‌ಗಳ ಎಕ್ಸಾಸ್ಟ್ ವಾಲ್ವ್ ಒಳಗೆ ಟೊಳ್ಳು, ಅದರಲ್ಲಿ ಸೋಡಿಯಂ ತುಂಬಿರುತ್ತದೆ. ಸುಮಾರು 98 ಡಿಗ್ರಿಗೆ ಅದು ಕರಗಿ, ಒಳಗೇ ಕುಲುಕಾಡಿ ತಲೆಯ ಬಿಸಿಯನ್ನು ಕಡ್ಡಿಗೆ ಸಾಗಿಸುತ್ತದೆ. ಅಂಥ ವಾಲ್ವನ್ನು ಕುತೂಹಲಕ್ಕೂ ಕತ್ತರಿಸಬೇಡಿ, ಸೋಡಿಯಂಗೆ ನೀರು ತಾಗಿದರೆ ಹೊತ್ತಿಕೊಳ್ಳುತ್ತದೆ. ನನ್ನದು ಗಟ್ಟಿ ಕಡ್ಡಿಯದ್ದು.

ಮುಂದಿನ ಎರಡು ಕೆಲಸ ನನ್ನ ಕೈಯಲ್ಲಿ ಆಗುವಂಥದ್ದಲ್ಲ. ಕಟ್ ಆದ ಸ್ಟಡ್ ತೆಗೆಯುವುದು, ಸೀಟ್ ಕಟ್ಟಿಂಗ್. ಹೆಡ್ ಹೊತ್ತು ಮಷಿನ್ ಕೆಲಸ ಮಾಡುವ ಹಿರಿಯರೊಬ್ಬರ ಹತ್ತಿರ ಹೋದೆ. ಅವರು ವಾಲ್ವ್ ಕೈಗೆ ತೆಗೆದುಕೊಂಡು ಒಂದು ಕ್ಷಣ ನೋಡಿದರು.

'ಟ್ಯಾಪೆಟ್ ಯಾರು ಸೆಟ್ ಮಾಡಿದ್ದು?'

'ನಾನೇ ಸರ್.'

'ಸದ್ದು ಬರ್ತಿತ್ತು ಅಂತ ಟೈಟ್ ಮಾಡಿದ್ರಾ?'

ನಾನು ತಲೆಯಾಡಿಸಿದೆ. ಅವರು ಇನ್ನೇನೂ ಹೇಳಲಿಲ್ಲ, ಸ್ಟಡ್ ಮೇಲೆ ನಟ್ ಇಟ್ಟು ವೆಲ್ಡ್ ಮಾಡಲು ಶುರು ಮಾಡಿದರು. ವೆಲ್ಡಿಂಗ್ ಬಿಸಿಗೆ ತುಕ್ಕು ಬಿಟ್ಟು, ನಟ್ ಜೊತೆಗೇ ಸ್ಟಡ್ ಸಲೀಸಾಗಿ ಹೊರಗೆ ಬಂತು.

ಗೈಡ್ ಅಳತೆ ನೋಡಿದರು. ಗೈಡ್ ಸವೆದಿದ್ದರೆ ವಾಲ್ವ್ ಅಲ್ಲಾಡುತ್ತದೆ, ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಕೂರುತ್ತದೆ. ಆಗ ಹೊಸ ವಾಲ್ವ್ ಹಾಕಿದರೂ ಮತ್ತೆ ಸುಡುತ್ತದೆ. ಪುಣ್ಯಕ್ಕೆ ಗೈಡ್ ಸರಿ ಇದ್ದವು. ಸೀಟ್‌ಗಳನ್ನು ಮೂರು ಕೋನದಲ್ಲಿ ಕತ್ತರಿಸಿದರು: ಮೇಲೆ 30, ಮಧ್ಯೆ 45, ಕೆಳಗೆ 60 ಡಿಗ್ರಿ. ವಾಲ್ವ್ ಕೂರುವುದು 45ರ ಮೇಲೆ. ಪಕ್ಕದ ಎರಡು ಕೋನ ಆ ಪಟ್ಟಿಯ ಅಗಲವನ್ನು ಮತ್ತು ಜಾಗವನ್ನು ಹದಕ್ಕೆ ತರುತ್ತವೆ. ಎಕ್ಸಾಸ್ಟ್‌ಗೆ ಒಂದೂವರೆ ಮಿ.ಮೀ. ಅಗಲ ಇಟ್ಟರು. ತೀರಾ ಕಿರಿದಾದರೆ ಬಿಸಿ ದಾಟಲು ಜಾಗ ಸಾಲದು. ತೀರಾ ಅಗಲವಾದರೆ ಒತ್ತಡ ಹಂಚಿಹೋಗಿ ಕಾರ್ಬನ್ ಚೂರು ಸಿಕ್ಕಿಕೊಳ್ಳುತ್ತದೆ. ಉಳಿದ ಮೂರು ಎಕ್ಸಾಸ್ಟ್ ವಾಲ್ವ್‌ಗಳಲ್ಲೂ ಸಣ್ಣ ಸಣ್ಣ ಗುಳಿ ಬಿದ್ದಿದ್ದವು. ಅವುಗಳ ಗ್ಯಾಪ್ ನೆನಪಿದೆಯಲ್ಲ, ಸರದಿಯಲ್ಲಿ ನಿಂತಿದ್ದವು. ನಾಲ್ಕನ್ನೂ ಹೊಸದು ತಂದೆ. ಇಂಟೇಕ್ ಹಳೆಯದೇ.

ಲ್ಯಾಪಿಂಗ್, ಅಂದರೆ ವಾಲ್ವ್ ಮತ್ತು ಸೀಟ್ ಒಂದಕ್ಕೊಂದು ಕೂರುವಂತೆ ಉಜ್ಜುವುದು, ನನ್ನ ಕೆಲಸ. ಇಡೀ ರಿಪೇರಿಯಲ್ಲಿ ನನಗೆ ಇಷ್ಟವಾದ ಭಾಗ ಇದೇ. ವಾಲ್ವ್ ಅಂಚಿಗೆ ನಯವಾದ ಗ್ರೈಂಡಿಂಗ್ ಪೇಸ್ಟ್ ಚುಕ್ಕೆ ಚುಕ್ಕೆಯಾಗಿ ಹಚ್ಚಿ, ಕಡ್ಡಿಗೆ ಒಂದು ಹನಿ ಆಯಿಲ್ ಬಿಟ್ಟು, ರಬ್ಬರ್ ಬಟ್ಟಲಿನ ಕೋಲನ್ನು ವಾಲ್ವ್ ತಲೆಗೆ ಅಂಟಿಸಬೇಕು. ಮಜ್ಜಿಗೆ ಕಡೆಯುವಂತೆ ಎರಡು ಅಂಗೈ ಮಧ್ಯೆ ಹಿಂದೆ ಮುಂದೆ ತಿರುಗಿಸುವುದು. ನಾಲ್ಕೈದು ಸಲ ಆದ ಮೇಲೆ ಎತ್ತಿ, ಕಾಲು ಸುತ್ತು ಸರಿಸಿ, ಮತ್ತೆ. ಶುರುವಿನಲ್ಲಿ ಕರಕರ ಸದ್ದು, ಆಮೇಲೆ ಅದು ಮೆತ್ತಗಾಗುತ್ತದೆ. ಆಗ ಒರೆಸಿ ನೋಡಿದರೆ ಸುತ್ತಲೂ ಒಂದೇ ಅಗಲದ ಬೂದು ಉಂಗುರ ಕಾಣಬೇಕು. ಎಲ್ಲಾದರೂ ತುಂಡಾಗಿದ್ದರೆ ಇನ್ನೂ ಕೆಲಸ ಇದೆ. ಒಂದು ಮಾತು: ಸೀಟ್ ಕಟ್ಟಿಂಗ್ ಮಾಡಬೇಕಾದ ಜಾಗದಲ್ಲಿ ಬರೀ ಲ್ಯಾಪಿಂಗ್‌ನಿಂದ ಸರಿ ಮಾಡುತ್ತೇನೆ ಎಂದು ಗಂಟೆಗಟ್ಟಲೆ ತಿರುವಬೇಡಿ. ವಾಲ್ವ್ ಮುಖದಲ್ಲೇ ಹಳ್ಳ ಬೀಳುತ್ತದೆ.

ಪೆನ್ಸಿಲ್ ಪರೀಕ್ಷೆ ಬಲು ಸರಳ. ವಾಲ್ವ್ ಮುಖಕ್ಕೆ ಅಡ್ಡಡ್ಡ ಗೆರೆ ಎಳೆದು, ಸೀಟ್ ಮೇಲಿಟ್ಟು ಒತ್ತಿ ಸ್ವಲ್ಪ ತಿರುಗಿಸಿದರೆ ಎಲ್ಲ ಗೆರೆಯೂ ಒಂದೇ ಜಾಗದಲ್ಲಿ ಅಳಿಸಿರಬೇಕು. ಆಮೇಲೆ ಹೆಡ್ ಪೂರ್ತಿ ಬಿಸಿ ಸೋಪಿನ ನೀರಿನಲ್ಲಿ ತೊಳೆದೆ, ಮೂರು ಸಲ. ಆ ಪೇಸ್ಟ್ ಒಂದು ಚೂರು ಗೈಡ್‌ನಲ್ಲೋ ಸಿಲಿಂಡರ್‌ನಲ್ಲೋ ಉಳಿದರೆ ಎಂಜಿನ್ ಒಳಗೂ ಲ್ಯಾಪಿಂಗ್ ಮುಂದುವರಿಯುತ್ತದೆ.

ಹೊಸ ಸ್ಟೆಮ್ ಸೀಲ್, ಸ್ಪ್ರಿಂಗ್, ಲಾಕ್ ಹಾಕಿದೆ. ಲಾಕ್‌ಗೆ ಒಂದು ಚೂರು ಗ್ರೀಸ್ ಹಚ್ಚಿದರೆ ಕಡ್ಡಿಗೆ ಅಂಟಿಕೊಂಡು ನಿಲ್ಲುತ್ತದೆ, ಹಾರುವ ಆಟ ಇಲ್ಲ. ಪ್ರತಿ ಕಡ್ಡಿಯ ತುದಿಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ, ಲಾಕ್ ಸರಿಯಾಗಿ ಕೂರಲಿ ಎಂದು. ಪ್ಲಗ್ ಹಾಕಿ, ಹೆಡ್ ಬೋರಲು ಇಟ್ಟು, ನಾಲ್ಕೂ ಗುಂಡಿಗೆ ಸೀಮೆಎಣ್ಣೆ ತುಂಬಿ ಹತ್ತು ನಿಮಿಷ ವಾಲ್ವ್ ಹಿಂದಿನ ದಾರಿಗಳಾದ ಪೋರ್ಟ್‌ಗಳನ್ನು ಟಾರ್ಚ್ ಹಾಕಿ ನೋಡಿದೆ. ಮೂರನೆಯದು ಒಣ. ಎಲ್ಲ ಎಕ್ಸಾಸ್ಟ್ ಒಣ. ಆದರೆ ಎರಡನೇ ಇಂಟೇಕ್‌ನಲ್ಲಿ ಒಂದು ಹನಿ ತೊಟ್ಟಿಕ್ಕಿತು! ಮತ್ತೆ ಬಿಚ್ಚಿದೆ. ಸೀಟ್ ಮೇಲೆ ಬಟ್ಟೆಯ ಒಂದು ನೂಲು ಸಿಕ್ಕಿಕೊಂಡಿತ್ತು.

ಹೆಡ್ ಮುಖದ ಮೇಲೆ ಉಕ್ಕಿನ ನೇರ ಪಟ್ಟಿ ಇಟ್ಟು, ಉದ್ದ, ಅಗಲ, ಎರಡು ಮೂಲೆ ಗೆರೆ, ಎಲ್ಲ ಕಡೆ 0.05ರ ಫೀಲರ್ ತೂರಿಸಲು ನೋಡಿದೆ. ಎಲ್ಲೂ ಹೋಗಲಿಲ್ಲ. ಬ್ಲಾಕ್‌ನ ಬೋಲ್ಟ್ ತೂತುಗಳಲ್ಲಿ ಕೂಲೆಂಟ್ ನಿಂತಿತ್ತು, ಅದನ್ನೆಲ್ಲ ಹೀರಿ ಒಣಗಿಸಿದೆ. ಇದನ್ನು ಬಿಟ್ಟುಬಿಡುವವರು ಬಹಳ. ದ್ರವ ಕುಗ್ಗುವುದಿಲ್ಲ, ಬೋಲ್ಟ್ ಬಿಗಿ ಮಾಡಿದಾಗ ಬ್ಲಾಕ್ ಸೀಳಬಹುದು. ಹೊಸ ಗ್ಯಾಸ್ಕೆಟ್, ಹೊಸ ಬೋಲ್ಟ್. ಈ ಎಂಜಿನ್‌ನ ಬೋಲ್ಟ್‌ಗಳು ಎಳೆದು ಹಿಗ್ಗುವಂಥವು, ಎರಡನೇ ಸಲಕ್ಕೆ ಬರುವುದಿಲ್ಲ. ಮಧ್ಯದಿಂದ ಹೊರಗೆ, ಮ್ಯಾನ್ಯುಯಲ್ ಹೇಳಿದ ಹಂತದಲ್ಲಿ ಟಾರ್ಕ್, ಆಮೇಲೆ ಕೋನದ ಲೆಕ್ಕ. ಕೊನೆಯ 90 ಡಿಗ್ರಿ ತಿರುಗಿಸುವಾಗ ಪ್ರತಿ ಬೋಲ್ಟೂ ಈಗ ಕಟ್ ಆಗುತ್ತದೆ ಎಂದೇ ಅನ್ನಿಸುತ್ತದೆ. ಆಗಲಿಲ್ಲ.

ಬೆಲ್ಟ್ ಹಾಕಿ, ಕೀ ಮುಟ್ಟುವ ಮುಂಚೆ ಸ್ಪಾನರ್‌ನಿಂದ ಕೈಯಲ್ಲೇ ಕ್ರ್ಯಾಂಕ್ ಎರಡು ಪೂರ್ತಿ ಸುತ್ತು ತಿರುಗಿಸಿದೆ. ಎಲ್ಲೂ ತಡೆ ಇಲ್ಲ, ಗುರುತುಗಳು ಕೂಡಿದವು. ಟ್ಯಾಪೆಟ್ ಸೆಟ್ಟಿಂಗ್‌ಗೆ ಹಳೇ ಉಪಾಯ: ನಾಲ್ಕನೆಯದರ ಎರಡೂ ವಾಲ್ವ್ ಒಂದು ಮುಚ್ಚುತ್ತಾ ಇನ್ನೊಂದು ತೆರೆಯುತ್ತಾ ತೂಗುವಾಗ ಒಂದನೆಯದನ್ನು ಸೆಟ್ ಮಾಡು, ಒಂದನೆಯದು ತೂಗುವಾಗ ನಾಲ್ಕು. ಎರಡಕ್ಕೆ ಮೂರು ಜೋಡಿ. ಇಂಟೇಕ್ 0.15, ಎಕ್ಸಾಸ್ಟ್ 0.25. ಫೀಲರ್ ಎಲೆ ಎಳೆಯುವಾಗ ಸ್ವಲ್ಪ ಹಿಡಿದು ಬರಬೇಕು. ಲಾಕ್ ನಟ್ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ನೋಡಬೇಕು, ನಟ್ ಜೊತೆ ಸ್ಕ್ರೂ ಕೂಡ ತಿರುಗಿರುತ್ತದೆ.

ಹೊಸ ಆಯಿಲ್, ಹೊಸ ಕೂಲೆಂಟ್. ಮೊದಲ ಸ್ಟಾರ್ಟ್‌ಗೆ ನಾಲ್ಕು ಸೆಕೆಂಡ್ ಬೇಕಾಯಿತು, ಜೀವ ಬಾಯಿಗೆ ಬಂದಿತ್ತು. ಹತ್ತಿದ ಮೇಲೆ ಡ್ಯಾಶ್‌ಬೋರ್ಡ್ ಮೇಲೆ ಇಟ್ಟ ನೀರಿನ ಲೋಟದಲ್ಲಿ ಅಲೆ ಏಳಲಿಲ್ಲ. ಸೈಲೆನ್ಸರ್‌ಗೆ ಹಿಡಿದ ಹಾಳೆ ಹೊರಗೇ ತಳ್ಳಿಸಿಕೊಂಡು ನಿಂತಿತು. ಬಿಸಿ ಕಂಪ್ರೆಷನ್ 176, 174, 175, 173.

ಮತ್ತೆ ಟಿಕ್ ಟಿಕ್ ಇದೆ, ತಣ್ಣಗಿದ್ದಾಗ ಚೆನ್ನಾಗಿಯೇ ಕೇಳಿಸುತ್ತದೆ. ತಮ್ಮ ಬಾಯಿ ತೆಗೆಯುವ ಮುಂಚೆಯೇ ಆ ಸುಟ್ಟ ವಾಲ್ವ್ ಅವನ ಕೈಗೆ ಕೊಟ್ಟೆ. ಈಗ ಅದನ್ನು ಪೇಪರ್ ಹಾರದಂತೆ ಇಡಲು ಬಳಸುತ್ತಿದ್ದಾನೆ.

ಸಾವಿರ ಕಿ.ಮೀ. ಆದ ಮೇಲೆ ಕವರ್ ಬಿಚ್ಚಿ ಮತ್ತೆ ಅಳೆದೆ. ಹೊಸ ಸೀಟ್ ಸ್ವಲ್ಪ ಕೂತಿತ್ತು: ಎಕ್ಸಾಸ್ಟ್ 0.24, 0.23, 0.22, 0.24. ಎಲ್ಲವನ್ನೂ 0.25ಕ್ಕೆ ತಂದು, ತಾರೀಖು, ಕಿಲೋಮೀಟರ್ ಬರೆದ ಹಾಳೆಯನ್ನು ಬಾನೆಟ್ ಒಳಗೆ ಅಂಟಿಸಿದೆ. ಮುಂದಿನದು 10,000 ಕಿ.ಮೀ.ಗೆ. ಹಾಳೆಯಲ್ಲಿ ಇನ್ನೂ ಹದಿನೈದು ಸಾಲಿಗೆ ಜಾಗ ಇದೆ.